ಒಂಬತ್ತನೇ ಕತೆಗೆ ನಾನು ಬರೆದ ಅನಿಸಿಕೆ

ಯಳಂದೂರು ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇದೆ. ಜಾತಿ ಸರ್ಟಿಫಿಕೇಟಿನ ಅರ್ಜಿ, ಖಾತೆ ಬದಲಾವಣೆಯ ಅರ್ಜಿ, ಬೋರ್‌ವೆಲ್ಲಿಗೆ ಕರೆಂಟು ಕೊಡಿ ಅನ್ನುವ ಅರ್ಜಿ. ಬೆಳಗಿಂದ ಸಂಜೆಯವರೆಗೆ ಬೇರೆಯವರ ಕಷ್ಟವನ್ನೆಲ್ಲ 'ವಿನಂತಿಸಿಕೊಳ್ಳುತ್ತೇನೆ' ಎಂದು ಮುಗಿಸುವುದೇ ನನ್ನ ಕಸುಬು. ಇಂಥವಳಿಗೆ ಕತೆ ಬರೆಯುವ ಹುಚ್ಚು ಯಾಕೆ ಹಿಡಿಯಿತೆಂದು ನನ್ನ ಗಂಡ ಈಗಲೂ ಕೇಳುತ್ತಾರೆ. ಗೊತ್ತಿದ್ದರೆ ಬಿಟ್ಟುಬಿಡುತ್ತಿದ್ದೆ.

ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕಿನ ಬರೆಯುವವರದು ಒಂದು ವಾಟ್ಸಾಪ್ ಗುಂಪಿದೆ. ನಡೆಸುವವರು ಕೊಳ್ಳೇಗಾಲದ ಒಬ್ಬ ನಿವೃತ್ತ ಹೆಡ್‌ಮಾಸ್ಟರು. ತಿಂಗಳಿಗೊಂದು ಕಿರುಗತೆ ಸ್ಪರ್ಧೆ, ನೂರೈವತ್ತು ಪದ ಮೀರುವಂತಿಲ್ಲ. ಕತೆಯನ್ನು ಅವರಿಗೆ ಕಳಿಸಿದರೆ ಹೆಸರು ತೆಗೆದು, ನಂಬರು ಹಾಕಿ ಗುಂಪಿಗೆ ಬಿಡುತ್ತಾರೆ. ಶುಕ್ರವಾರ, ಶನಿವಾರ ಎಲ್ಲರೂ ಎಲ್ಲರ ಕತೆಗೂ ಅನಿಸಿಕೆ ಬರೆಯಬೇಕು. ಭಾನುವಾರ ಮಧ್ಯಾಹ್ನ ಹನ್ನೆರಡರೊಳಗೆ ಒಂದು ಕತೆಗೆ ವೋಟು ಹಾಕಬೇಕು. ಅನಿಸಿಕೆ ಬರೆಯದವರಿಗೆ ವೋಟಿಲ್ಲ, ಅವರ ಕತೆಯೂ ಲೆಕ್ಕಕ್ಕಿಲ್ಲ. "ಓಂವರ್ಕ್ ಮಾಡ್ದೆ ಇರೋರ್ನ ಆಟಕ್ಕೆ ಬುಡಕಿಲ್ಲ ಕಣ್ರಮ್ಮ" ಎಂದು ಹೆಡ್‌ಮಾಸ್ಟರು ಮೊದಲ ದಿನವೇ ಹೇಳಿದ್ದರು. ಯುಗಾದಿಯಿಂದ ಯುಗಾದಿಗೆ ಹನ್ನೆರಡು ಸ್ಪರ್ಧೆ, ಮೊದಲ ಸ್ಥಾನಕ್ಕೆ ಬಂದ ಹನ್ನೆರಡು ಕತೆ ಸೇರಿಸಿ ಒಂದು ಪುಸ್ತಕ. ನಮ್ಮ ಕಡೆ ಅಚ್ಚಿನಲ್ಲಿ ಹೆಸರು ಬರುವುದೆಂದರೆ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನ ನಂತರ ಮದುವೆ ಕಾಗದ, ಅಷ್ಟೇ. ಹಾಗಾಗಿ ಈ ಪುಸ್ತಕದ ಮೇಲೆ ಎಲ್ಲರಿಗೂ ಕಣ್ಣು.

ಹೆಸರು ತೆಗೆದರೇನು, ಯಾರ ಕತೆ ಯಾವುದೆಂದು ಓದಿದ ಕೂಡಲೇ ಗೊತ್ತಾಗುತ್ತಿತ್ತು. ನಮ್ಮ ಹೊನ್ನೂರಿನಲ್ಲೇ, ನನ್ನ ಪಕ್ಕದ ಮನೆಯ ಅತ್ತಿಗೆಯೂ ಗುಂಪಿನಲ್ಲಿದ್ದಾರೆ. ಸಂಬಂಧದಲ್ಲಿ ಅತ್ತಿಗೆಯೇನಲ್ಲ, ನಾನು ಮದುವೆಯಾಗಿ ಬಂದಾಗಿಂದ ಹಾಗೆ ಕರೆದು ಅಭ್ಯಾಸ. ಅವರ ಪ್ರತಿ ಕತೆಯಲ್ಲೂ ಒಂದು ಎಮ್ಮೆ ಇದ್ದೇ ಇರುತ್ತದೆ. ಎಮ್ಮೆ ಕಳೆದುಹೋಗುತ್ತದೆ, ಸಿಗುತ್ತದೆ, ಸೊಸೆಯ ಕಷ್ಟ ನೋಡಿ ಎಮ್ಮೆಯೂ ಕಣ್ಣೀರು ಹಾಕುತ್ತದೆ. ಗುಂಪಿನವರು ಕೈ ಮುಗಿಯುವ ಚಿತ್ರ ಹಾಕಿ 'ಮನ ಮಿಡಿಯಿತು ಮೇಡಂ' ಎನ್ನುತ್ತಾರೆ.

ನಮ್ಮಲ್ಲಿ ನಾಟಿಗೆ, ಕಳೆಗೆ ಮುಯ್ಯಾಳು ಹೋಗುವ ಪದ್ಧತಿ ಇದೆ. ಇವತ್ತು ನೀನು ನಮ್ಮ ಗದ್ದೆಗೆ ಬಾ, ನಾಳೆ ನಾನು ನಿಮ್ಮ ಗದ್ದೆಗೆ ಬರುತ್ತೇನೆ. ಕೂಲಿಯ ಮಾತಿಲ್ಲ, ಆಳಿಗೆ ಆಳು. ಗುಂಪಿನಲ್ಲಿ ಅನಿಸಿಕೆ ಬರೆಯಿರಿ ಎಂದು ಹೆಡ್‌ಮಾಸ್ಟರು ಹೇಳಿದ್ದೇ ತಡ, ನಮ್ಮ ಜನ ಅದನ್ನೂ ಮುಯ್ಯಿ ಮಾಡಿಬಿಟ್ಟರು. ನನ್ನ ಕತೆಗೆ ಮೂರು ಸಾಲು ಬರೆದಿದ್ದೀಯಾ, ನಿನ್ನದಕ್ಕೂ ಮೂರು ಸಾಲು. ಹೋದ ತಿಂಗಳು ವೋಟು ಹಾಕಿದ್ದೀಯಾ, ಈ ತಿಂಗಳು ನಾನು ಹಾಕುತ್ತೇನೆ. ಯಾರೂ ಹೀಗೆಂದು ಬಾಯಿಬಿಟ್ಟು ಹೇಳಲಿಲ್ಲ. ನಾಟಿಗೆ ಕರೆಯುವಾಗಲೂ ಯಾರೂ ಹೇಳುವುದಿಲ್ಲ. ಬರದಿದ್ದಾಗ ಮಾತ್ರ ಹೇಳುತ್ತಾರೆ.

ಅತ್ತಿಗೆಯ ಮುಯ್ಯಿ ನನ್ನ ಮೇಲೆ ಎರಡು ಪಟ್ಟು ಇತ್ತು. ಹಿಂದಿನ ವರ್ಷ ನಾಟಿಯ ಹೊತ್ತಿಗೆ ಸರಿಯಾಗಿ ನನಗೆ ಗರ್ಭಕೋಶದ ಆಪರೇಷನ್ ಆಯಿತು. ಕೊಳ್ಳೇಗಾಲದಿಂದ ಹೊಟ್ಟೆ ಹಿಡಿದುಕೊಂಡು ಬಂದು ನೋಡುತ್ತೇನೆ, ನಮ್ಮ ಗದ್ದೆ ಹಸಿರಾಗಿದೆ. ಅತ್ತಿಗೆ ತಮ್ಮ ಗದ್ದೆ ಬಿಟ್ಟು ಮೊದಲು ನಮ್ಮದಕ್ಕೆ ಹೆಂಗಸರನ್ನು ಇಳಿಸಿದ್ದರು. ನಾನು ಎದ್ದು ಓಡಾಡುವವರೆಗೆ ನಮ್ಮ ಅತ್ತೆಗೆ ಮುದ್ದೆ ಮಾಡಿ ಹಾಕಿದ್ದೂ ಅವರೇ. ಅಂಗಡಿ ಕಟ್ಟಿಕೊಂಡ ನಾನು ಅವರ ಗದ್ದೆಗೆ ಒಂದು ದಿನವೂ ಇಳಿದಿಲ್ಲ. ಮೇಲಾಗಿ ಕಾರ್ತಿಕದಲ್ಲಿ ನನ್ನ ಕತೆ ಮೊದಲು ಬಂದಾಗ ಗೆದ್ದದ್ದು ಒಂದೇ ವೋಟಿನಲ್ಲಿ. ಆ ವೋಟು ಅತ್ತಿಗೆಯದು ಅಂತ ಗುಂಪಿನಲ್ಲೇ ಕಾಣುತ್ತಿತ್ತು. ಯಾರು ಯಾರಿಗೆ ಹಾಕಿದರೆಂದು ಒತ್ತಿ ನೋಡಿದರೆ ಹೆಸರು ಸಮೇತ ಬರುತ್ತದೆ. ಗುಟ್ಟಾಗಿ ಮಾಡುವಂಥದ್ದೇನೂ ಅಲ್ಲಿಲ್ಲ.

ಇನ್ನೊಬ್ಬಳು ಕೌದಳ್ಳಿಯವಳು. ಬೆಟ್ಟದ ರಸ್ತೆಯಲ್ಲಿ ಬಸ್ಸು ನಿಲ್ಲುವ ಕಡೆ ಒಂದು ಸಣ್ಣ ಹೋಟೆಲಿನಲ್ಲಿ ಇಡ್ಲಿ ಬೇಯಿಸುವುದು, ಚಟ್ನಿ ರುಬ್ಬುವುದು ಅವಳ ಕೆಲಸ. ಇರುವುದು ತಾಯಿಯ ಮನೆಯಲ್ಲಿ, ತಮ್ಮನ ಸಂಸಾರದ ಜೊತೆ. ಗಂಡನ ಮಾತು ಅವಳು ಎತ್ತಿರಲಿಲ್ಲ, ನಾನೂ ಕೇಳಿರಲಿಲ್ಲ. ಏಳನೇ ಕ್ಲಾಸಿನವರೆಗೆ ಓದಿದ್ದಾಳೆ, ನಿಧಾನಕ್ಕೆ ಓದುತ್ತಾಳೆ, ಆದರೆ ಫೋನಿನಲ್ಲಿ ಕನ್ನಡ ಟೈಪು ಮಾಡಲು ಬಾರದು. ನಾನು ಟೈಪಿಂಗ್ ಅಂಗಡಿಯವಳೆಂದು ಯಾರಿಂದಲೋ ತಿಳಿದು, "ಅಕ್ಕ, ನಾನು ಯೋಳ್ತೀನಿ, ನೀವು ಅಚ್ಚು ಒತ್ಬುಟ್ಟು ಮೇಷ್ಟ್ರಿಗೆ ಕಳುಸ್ತೀರಾ" ಎಂದು ಕೇಳಿದ್ದಳು. ಒಪ್ಪಿಕೊಂಡೆ. ಅವಳು ವಾಯ್ಸ್ ಮೆಸೇಜು ಕಳಿಸುತ್ತಿದ್ದಳು, ಹಿಂದೆ ಪಾತ್ರೆ ಬೀಳುವ ಸದ್ದು, ಬಸ್ಸಿನ ಹಾರನ್ನು. ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅವಳ ಮಾತನ್ನು ಬರಹದ ಕನ್ನಡಕ್ಕೆ ತರುತ್ತಿದ್ದೆ. ಪದ ತಿದ್ದುತ್ತಿದ್ದೆ, ಒಂದು ಸಾಲನ್ನೂ ಸೇರಿಸುತ್ತಿರಲಿಲ್ಲ. ಸೇರಿಸುವ ಅಗತ್ಯವೇ ಇರುತ್ತಿರಲಿಲ್ಲ.

ಹನ್ನೊಂದು ತಿಂಗಳು ಅವಳ ಕತೆ ಮೂರನೆಯ ಸ್ಥಾನಕ್ಕೂ ಬರಲಿಲ್ಲ. ಅವಳಿಗೆ ಮುಯ್ಯಿ ಹಾಕುವವರು ಯಾರಿದ್ದರು? ಅನಿಸಿಕೆಯನ್ನೂ ಅವಳು ವಾಯ್ಸ್‌ನಲ್ಲೇ ಹೇಳುತ್ತಿದ್ದಳು, ಅದೂ ಇದ್ದದ್ದು ಇದ್ದ ಹಾಗೆ. "ಈ ಕತೆ ಅರ್ದಕ್ಕೆ ಬ್ಯಾಸ್ರ ಆಯ್ತು" ಎಂದು ಒಮ್ಮೆ ಒಬ್ಬ ಲೆಕ್ಚರರ ಕತೆಗೆ ಹೇಳಿಬಿಟ್ಟಿದ್ದಳು. ಆಮೇಲೆ ಅವಳ ಕತೆಗಳಿಗೆ ಬರುವ ಅನಿಸಿಕೆ 'ಓದಿದೆ' ಎಂಬ ಒಂದೇ ಪದಕ್ಕೆ ಇಳಿಯಿತು.

ಮಾಘ ಮಾಸದ ಸ್ಪರ್ಧೆಯಲ್ಲಿ ನಾನು ಅವಳ ಕತೆಯನ್ನು ಸ್ವಲ್ಪ ಉದ್ದವಾಗಿಯೇ ಹೊಗಳಿದೆ. ಮಾರನೇ ದಿನ ಅದೇ ಲೆಕ್ಚರರು ಗುಂಪಿನಲ್ಲಿ ಬರೆದರು, ಕೆಲವರ ಕತೆಯನ್ನು ಟೈಪು ಮಾಡುವವರೇ ಬರೆದುಕೊಡುವಂತಿದೆ, ಆಮೇಲೆ ತಾವೇ ಹೊಗಳಿಕೊಳ್ಳುವಂತಿದೆ, ಅಡ್ಮಿನ್ ಗಮನಿಸಬೇಕು, ಅಂತ. ಹೆಸರಿಲ್ಲ. ಆದರೆ ಅಂಗಡಿ ಇಟ್ಟುಕೊಂಡಿರುವವಳು ಗುಂಪಿನಲ್ಲಿ ನಾನೊಬ್ಬಳೇ. ಹೆಡ್‌ಮಾಸ್ಟರು ನನಗೆ ಫೋನು ಮಾಡಿ, "ನಂಗೊತ್ತು ಕಣಮ್ಮ, ನೀನು ಅಂಥೋಳಲ್ಲ. ಆದ್ರೂ ಮುಂದ್ಲ ಸಲ ಒಸಿ ನೋಡ್ಕಂಡು ಬರಿ" ಎಂದರು. ಮೈ ಉರಿದುಹೋಯಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡು "ಆಗ್ಲಿ ಸಾ" ಎಂದೆ. ಇವತ್ತಿಗೂ ಆ "ಆಗ್ಲಿ ಸಾ" ನೆನಪಾದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕಡೆಯ ತಿಂಗಳು ಫಾಲ್ಗುಣ. ಕೌದಳ್ಳಿಯವಳ ಮೆಸೇಜು ಬಂದಾಗ ಅಂಗಡಿಯಲ್ಲಿ ಅಗರದ ಒಬ್ಬ ಯಜಮಾನರು ಜಮೀನಿನ ಪೋಡಿ ಅರ್ಜಿಗೆ ಕಾಯುತ್ತಿದ್ದರು. ಕತೆ ಹೇಳುವ ಮೊದಲು ಅವಳು ಹೇಳಿದಳು: "ಇದು ಕಡೇ ಸಲ ಕಣಕ್ಕ. ಮನೇಲಿ ತಮ್ಮ ನಗ್ತಾನೆ, ನೀನೇನು ಕತೆ ಬರ್ದು ಕಡ್ದಾಕಿಯೆ ಅಂತ. ನಂಗೆ ಬರಿಯಕೆ ಬತ್ತದಾ ಇಲ್ವಾ, ಅದೊಂದು ಗೊತ್ತಾದ್ರೆ ಸಾಕು. ಬರಾಕಿಲ್ಲಾಂದ್ರೆ ಬುಟ್ಬುಡ್ತೀನಿ."

ಆಮೇಲೆ ಕತೆ. ಬಸ್ಸು ನಿಲ್ಲುವ ಕಡೆ ಬೇಯಿಸಿದ ಕಡಲೆಕಾಯಿ ಮಾರುವ ಒಬ್ಬ ಹೆಂಗಸು. ಬೆಟ್ಟದ ಬಸ್ಸು ಬರುತ್ತದೆ. ಕಿಟಕಿಯಿಂದ ಒಂದು ಕೈ ಹೊರಗೆ ಚಾಚುತ್ತದೆ. ಅದು ಏಳು ವರ್ಷದ ಹಿಂದೆ ಬಿಟ್ಟುಹೋದ ಗಂಡನ ಕೈ. ಪಕ್ಕದಲ್ಲಿ ಇನ್ನೊಬ್ಬಳು, ಅವಳ ತೊಡೆಯ ಮೇಲೆ ಮಗು. ಅವನು ಇವಳ ಮುಖ ನೋಡದೆ ಪೊಟ್ಟಣ ಇಸಿದುಕೊಂಡು ಮಗುವಿಗೆ ಸುಲಿದು ಕೊಡುತ್ತಾನೆ. ಬಸ್ಸು ಹೊರಡುತ್ತದೆ. ಕೊನೆಯ ಸಾಲು: 'ಉಪ್ಪು ಸರಿಯಾಗಿ ಹಿಡಿದಿತ್ತೋ ಇಲ್ಲವೋ ಎಂದು ಅವಳು ಸಂಜೆಯ ತನಕ ಯೋಚಿಸಿದಳು.'

ನನ್ನ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತಿತು. ಅಗರದ ಯಜಮಾನರು "ಕರೆಂಟು ಓಯ್ತಾ ತಾಯಿ?" ಎಂದು ಕೇಳಿದರು. ಇಲ್ಲವೆಂದೆ. ಮೊದಲು ಸಂತೋಷವಾಯಿತು, ಅದರ ಹಿಂದೆಯೇ ಹೊಟ್ಟೆಕಿಚ್ಚು. ಹತ್ತು ವರ್ಷದಿಂದ ಬರೆಯುತ್ತಿದ್ದೇನೆ, ಅಂಥ ಒಂದು ಸಾಲು ನನ್ನ ತಲೆಗೆ ಬಂದಿಲ್ಲ. ಬರುವುದೂ ಇಲ್ಲ ಎಂದು ಆ ಕ್ಷಣವೇ ತಿಳಿಯಿತು. ಅರ್ಜಿ ಮುಗಿಸಿಕೊಟ್ಟು, ಕತೆಯನ್ನು ಒಂದಕ್ಷರವೂ ತಪ್ಪದಂತೆ ಟೈಪು ಮಾಡಿ ಹೆಡ್‌ಮಾಸ್ಟರಿಗೆ ಕಳಿಸಿದೆ.

ಶುಕ್ರವಾರ ಕತೆಗಳು ಬಂದವು. ಅವಳದು ಒಂಬತ್ತನೆಯದು. ನಾಲ್ಕನೆಯದರಲ್ಲಿ ಎಮ್ಮೆ ಕರು ಹಾಕಿತ್ತು. ಅವತ್ತು ಸಂಜೆ ಅತ್ತಿಗೆ ಒಂದು ಕಟ್ಟು ನುಗ್ಗೆಕಾಯಿ ಹಿಡಿದು ನಮ್ಮ ಅಡುಗೆಮನೆಗೇ ಬಂದರು. ಸುತ್ತಿ ಬಳಸಿ ಮಾತಾಡುವ ಜನ ಅಲ್ಲ ಅವರು.

"ಕಡೇ ತಿಂಗ್ಳು ಕಣವ್ವ. ಈ ಸಲ ನಂಗೆ ಹಾಕ್ಬುಡು. ಬುಕ್ಕಲ್ಲಿ ಬಂದ್ರೆ ತೌರಿಗೆ ತಕಂಡೋಗಿ ತೋರುಸ್ಬೇಕು ಅಂತ ಆಸೆ. ನಿಂದು ಬಂದಾಯ್ತಲ್ಲ."

"ನೋಡಾನ ಅತ್ಗೆ, ಎಲ್ಲಾನೂ ಓದ್ಬೇಕಲ್ಲ" ಎಂದೆ.

"ಓದವ್ವ, ಬ್ಯಾಡ ಅಂದೋರ್ಯಾರು? ಓದ್ಬುಟ್ಟು ನಂಗೆ ಹಾಕು" ಎಂದು ನಕ್ಕರು. ನಮ್ಮ ಅತ್ತೆ ಒಳಗಿನಿಂದ, "ಅವ್ಳು ಹಾಕ್ದೆ ಇನ್ಯಾರು ಹಾಕಾರು ಬುಡು" ಎಂದರು. ಅಲ್ಲಿಗೆ ನನ್ನ ವೋಟಿನ ವಿಚಾರ ನಮ್ಮ ಮನೆಯಲ್ಲಿ ತೀರ್ಮಾನವಾಗಿಹೋಯಿತು.

ಶನಿವಾರ ಮಧ್ಯಾಹ್ನ ಅಂಗಡಿಯಲ್ಲಿ ಊಟದ ಡಬ್ಬಿ ಪಕ್ಕಕ್ಕಿಟ್ಟು ಅನಿಸಿಕೆ ಬರೆಯಲು ಕೂತೆ. ಎಂಟು ಕತೆಗೆ ಸಲೀಸಾಗಿ ಬರೆದೆ. ಎಮ್ಮೆಯ ಕತೆಗೆ 'ಗ್ರಾಮೀಣ ಬದುಕಿನ ಹೃದ್ಯ ಚಿತ್ರಣ' ಎಂದು ಬರೆದೆ. ಒಂಬತ್ತನೆಯದಕ್ಕೆ ಬಂದಾಗ ಕೈ ಓಡಲಿಲ್ಲ. ಚೆನ್ನಾಗಿದೆ ಎಂದರೆ ಲೆಕ್ಚರರು ಕಾದು ಕೂತಿದ್ದಾರೆ. ಚೆನ್ನಾಗಿದೆ ಎಂದು ಬರೆದು ಎಮ್ಮೆಗೆ ವೋಟು ಹಾಕಿದರೆ ಆ ಮಾತಿಗೇನು ಬೆಲೆ? ಬರೆಯದೆ ಬಿಟ್ಟರೆ ನನ್ನ ವೋಟೂ ಇಲ್ಲ, ಅತ್ತಿಗೆಗೆ ಮುಖ ತೋರಿಸುವಂತಿಲ್ಲ. 'ಓದಿದೆ' ಎಂದಷ್ಟೇ ಬರೆದರೂ ಆಗುತ್ತಿತ್ತು. ಈಗ ಹಾಗನಿಸುತ್ತದೆ. ಆದರೆ ಅವತ್ತು ನನಗೆ ನಾನು ಪಕ್ಷಪಾತಿಯಲ್ಲ ಎಂದು ಗುಂಪಿಗೆಲ್ಲ ತೋರಿಸಬೇಕಿತ್ತು. ಹಾಗಾಗಿ ತಪ್ಪು ಹುಡುಕಿದೆ. ತಪ್ಪಿಲ್ಲದ ಕತೆಯಲ್ಲಿ ತಪ್ಪು ಹುಡುಕುವುದು ಸುಲಭ, ಎಲ್ಲಕ್ಕಿಂತ ಚೆನ್ನಾಗಿರುವುದನ್ನು ತೋರಿಸಿ ಅದೇ ತಪ್ಪೆಂದರೆ ಆಯಿತು.

ಹೀಗೆ ಬರೆದೆ: 'ಕತೆ ಚೆನ್ನಾಗಿ ಆರಂಭವಾಗಿದೆ. ಆದರೆ ಕೊನೆಯ ಸಾಲು ಭಾವವನ್ನು ಕೆಡಿಸುತ್ತದೆ. ಗಂಡನನ್ನು ಕಂಡ ಹೆಣ್ಣು ಉಪ್ಪಿನ ಬಗ್ಗೆ ಯೋಚಿಸುವುದು ಸಹಜವೆನಿಸುವುದಿಲ್ಲ. ಅಲ್ಲಿ ಅವಳ ಕಣ್ಣೀರು ಕಾಣಬೇಕಿತ್ತು. ಆಗ ಓದುಗರ ಮನ ತಟ್ಟುತ್ತಿತ್ತು.'

ಬರೆದು ಕಳಿಸಿದ ಎರಡೇ ನಿಮಿಷಕ್ಕೆ ಲೆಕ್ಚರರು ಅದಕ್ಕೆ ಹೆಬ್ಬೆರಳು ಎತ್ತಿದರು. 'ಸರಿಯಾಗಿ ಗುರುತಿಸಿದ್ದೀರಿ' ಎಂದು ಇನ್ನಿಬ್ಬರು ಸೇರಿಕೊಂಡರು. ಅಳಿಸಿಹಾಕಬಹುದಿತ್ತು. ಆದರೆ ಅಳಿಸಿದರೆ ಅಲ್ಲಿ 'ಈ ಮೆಸೇಜ್ ಅಳಿಸಲಾಗಿದೆ' ಎಂದು ಕೂತಿರುತ್ತದೆ, ಯಾಕೆ ಅಳಿಸಿದಿರಿ ಎಂದು ಅದಕ್ಕೊಂದು ಚರ್ಚೆ. ಊಟದ ಡಬ್ಬಿಯನ್ನು ಹಾಗೇ ಚೀಲಕ್ಕೆ ಹಾಕಿದೆ.

ಆದರೂ ಒಂಬತ್ತನೇ ಕತೆ ನನ್ನ ಮಾತಿಗೆ ಬಗ್ಗಲಿಲ್ಲ. ಭಾನುವಾರ ಬೆಳಿಗ್ಗೆ ವೋಟು ಶುರುವಾದ ಕೂಡಲೇ ಯಾವತ್ತೂ ಬಾಯಿಬಿಡದವರೆಲ್ಲ ಅದಕ್ಕೆ ಹಾಕತೊಡಗಿದರು. ಹನೂರಿನ ಒಬ್ಬ ನರ್ಸಮ್ಮ, ಒಬ್ಬ ಲೈನ್‌ಮನ್ನು, ಕೊಳ್ಳೇಗಾಲದ ಒಬ್ಬ ಮಗ್ಗದ ಯಜಮಾನರು. ಅವಳಿಗೆ ಒಂದು ಮುಯ್ಯಿಯನ್ನೂ ತೀರಿಸಬೇಕಿಲ್ಲದ ಜನ. ಹನ್ನೊಂದೂವರೆಗೆ ನಾಲ್ಕನೆಯದಕ್ಕೆ ಹನ್ನೊಂದು, ಒಂಬತ್ತನೆಯದಕ್ಕೆ ಹನ್ನೊಂದು. ಹೆಡ್‌ಮಾಸ್ಟರು ಫೋನು ಮಾಡಿದರು. "ನಿಂದೊಂದೇ ಬಾಕಿ ಕಣಮ್ಮ. ಸಮ ಆದ್ರೆ ನಾನು ತೀರ್ಮಾನ ಮಾಡ್ಬೇಕಾಯ್ತದೆ. ನಂಗೆ ಆ ಉಪ್ಪಿನ ಕತೆ ಇಡುಸ್ತು, ಸುಳ್ಳು ಯಾಕೆ ಯೋಳ್ಲಿ. ನೀನು ಬೇಗ ಹಾಕು."

ಅಂದರೆ ನಾನು ಸುಮ್ಮನಿದ್ದರೆ ಸಾಕಿತ್ತು. ಅರ್ಧ ಗಂಟೆ ಫೋನು ಕೆಟ್ಟಿದ್ದರೆ ಸಾಕಿತ್ತು. ಆದರೆ ಫೋನು ನನ್ನ ಕೈಯಲ್ಲೇ ಇತ್ತು, ಅತ್ತಿಗೆ ನಮ್ಮ ಜಗಲಿಯ ಮೇಲೆ ನನ್ನ ಪಕ್ಕದಲ್ಲೇ ಕೂತಿದ್ದರು. ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ಅದು ನಮ್ಮ ಮನೆಯ ಅಕ್ಕಿ. ಒಂದು ಸಲವೂ ಫೋನಿನ ಕಡೆ ನೋಡಲಿಲ್ಲ, ಏನೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿಯಾದರೂ ತಪ್ಪಿಸಿಕೊಳ್ಳುತ್ತಿದ್ದೆ. ನಮ್ಮ ಅತ್ತೆಯ ಹತ್ತಿರ ಮೊಣಕಾಲು ನೋವಿನ ಮಾತಾಡುತ್ತ, ಆರಿಸಿದ ಅಕ್ಕಿಯನ್ನು ಪಾತ್ರೆಗೆ ಸುರಿಯುತ್ತ ಹಾಯಾಗಿ ಕೂತಿದ್ದರು. ಇಷ್ಟೊಂದು ಒಳ್ಳೆಯವರ ಪಕ್ಕ ಕೂತು ನನಗೆ ಉಸಿರು ಕಟ್ಟುತ್ತಿತ್ತು. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ನಾಲ್ಕನ್ನು ಒತ್ತಿದೆ.

ಅತ್ತಿಗೆ ಗೆದ್ದರು. ಮೊರ ಪಕ್ಕಕ್ಕಿಟ್ಟು ನನ್ನ ಗಲ್ಲ ಹಿಡಿದುಕೊಂಡರು, ಕಣ್ಣು ಒದ್ದೆಯಾಗಿತ್ತು. ಸಂಜೆ ಕಜ್ಜಾಯ ಕಳಿಸಿದರು. ಅವರ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಕೌದಳ್ಳಿಯವಳಿಂದ ಎರಡು ದಿನ ಸುದ್ದಿಯಿಲ್ಲ. ಬಿಟ್ಟುಬಿಟ್ಟಳೆಂದು ಅಂದುಕೊಂಡೆ. ಮಂಗಳವಾರ ಅಂಗಡಿ ತೆಗೆಯುವ ಹೊತ್ತಿಗೆ ಫೋನು ಬಂತು. ಬೈಯಲಿ ಎಂದೇ ಎತ್ತಿದೆ.

"ಅಕ್ಕ, ನೀವು ಬರ್ದಿದ್ನ ನಾಕ್ ಸಲ ಓದ್ದೆ" ಎಂದಳು. ದನಿಯಲ್ಲಿ ಒಂದಿಷ್ಟೂ ಕಹಿಯಿಲ್ಲ. "ಮೊದ್ಲು ಬ್ಯಾಸ್ರ ಆಯ್ತು, ಸುಳ್ಳು ಯಾಕೆ ಯೋಳ್ಲಿ. ಆಮೇಲೆ ಅಂದ್ಕಂಡೆ, ವರ್ಸ ಪೂರ್ತಿ ಯಾರಾದ್ರೂ ಇಂಥ ಕಡೆ ತಪ್ಪಾಗದೆ ಅಂತ ತೋರ್ಸುದ್ರಾ? ನೀವೊಬ್ರೇ ತೋರ್ಸಿದ್ದು. ನಾನು ಬುಡಕಿಲ್ಲ ಅಕ್ಕ. ಕಲ್ತ್ಕತೀನಿ."

ನಾನು ಏನೋ ಹೇಳಹೋದೆ. ಅವಳು ಬಿಡಲಿಲ್ಲ. "ಆ ಎಮ್ಮೆ ಕತೆಗೆ ಹಾಕುದ್ರಲ್ಲ, ಅದ್ರಲ್ಲಿ ಏನು ಚೆನ್ನಾಗದೆ ಅಂತ ಒಸಿ ಬುಡ್ಸಿ ಯೋಳಿ. ಪುಸ್ತಕ ಪೆನ್ನು ಇಟ್ಕಂಡು ಕೂತಿವ್ನಿ."

ಆಗ ನನಗೆ ತಡೆಯಲಾಗಲಿಲ್ಲ. "ನೋಡವ್ವ, ನಿನ್ನ ಕತೆಯೇ ಚೆನ್ನಾಗಿತ್ತು. ಆ ಉಪ್ಪಿನ ಸಾಲು ಇತ್ತಲ್ಲ, ಅಂಥದ್ದು ನಾನು ಎಲ್ಲೂ ಓದಿಲ್ಲ. ನಾನು ಬರ್ದದ್ದು ಸುಳ್ಳು" ಎಂದೆ. ಒಂದೇ ಉಸಿರಿಗೆ ಹೇಳಿಬಿಟ್ಟೆ. ಯಾಕೆ ಬರೆದೆ ಎಂಬುದನ್ನೂ ಹೇಳಿದೆ. ಲೆಕ್ಚರರ ಮಾತು, ಅತ್ತಿಗೆಯ ನಾಟಿ, ಎಲ್ಲ.

ಆ ಕಡೆ ಅವಳು ನಕ್ಕಳು. "ಸಮಾದಾನಕ್ಕೆ ಯೋಳ್ತಾ ಇದ್ದೀರಿ ಕಣಕ್ಕ, ನಂಗೊತ್ತಾಯ್ತದೆ. ಸೋತೋರ್ಗೆ ಎಲ್ರೂ ಇಂಗೇ ಯೋಳದು. ನಾಕ್ ಜನದ ಮುಂದೆ ಬರೆಯೋವಾಗ ಯಾರು ಸುಳ್ಳು ಬರೀತಾರೆ?"

ನಾನು ಮತ್ತೆ ಮತ್ತೆ ಹೇಳಿದೆ. ಹೇಳಿದಷ್ಟೂ ಅವಳು "ಇರ್ಲಿ ಬುಡಿ ಅಕ್ಕ, ಇರ್ಲಿ ಬುಡಿ" ಎಂದು ನನ್ನನ್ನೇ ಸಮಾಧಾನ ಮಾಡಿದಳು. ಅಂಗಡಿಯ ಮುಂದೆ ಇಬ್ಬರು ಬಂದು ನಿಂತಿದ್ದರು. ನಾನು ಕೈಸನ್ನೆಯಲ್ಲೇ ಕೂರಿ ಎಂದೆ.

"ಅಕ್ಕ, ಆ ಕತೆ ನಿಮ್ಮ ಕಂಪ್ಯೂಟ್ರಲ್ಲಿ ಅದಾ?" ಎಂದು ಕೇಳಿದಳು. ಇದೆ ಎಂದೆ. "ತೆಗೀರಿ ಮತ್ತೆ. ಆ ಕಡೇ ಸಾಲ್ನ ತಗ್ದಾಕ್ಬುಡಿ." ಹೋಟೆಲಿನಲ್ಲಿ ಯಾರೋ ಟೀ ಕೇಳುತ್ತಿದ್ದದ್ದು ಕೇಳಿಸಿತು. "ಅವತ್ತು ನಾನು ಕಟ್ಕೊಟ್ಟಿದ್ದು ಕಡ್ಲೆಕಾಯಲ್ಲ ಅಕ್ಕ, ಇಡ್ಲಿ. ಚಟ್ನೀಗೆ ಉಪ್ಪಾಕಿದ್ನೋ ಇಲ್ವೋ ಅಂತ ಅದೊಂದೇ ತಲೇಲಿ ಕುಂತಿತ್ತು. ನಾನು ಅಳ್ನಿಲ್ಲ, ಅದ್ಕೇ ಅಳು ಬರೀನಿಲ್ಲ. ನೀವು ಯೋಳ್ದ ಮ್ಯಾಲೆ ಯೋಚ್ನೆ ಮಾಡ್ದೆ, ಅಳ್ಬೇಕಾಗಿತ್ತೇನೋ. ನಂಗೆ ತಿಳೀನಿಲ್ಲ. ಈಗ ಸೇರ್ಸಿ ಅಕ್ಕ, ಅತ್ಲು ಅಂತ."

ನಾನು ಫೈಲು ತೆರೆದೆ. ಅವಳು ಹೇಳುತ್ತ ಹೋದಳು, ನಾನು ಟೈಪು ಮಾಡುತ್ತ ಹೋದೆ.